ಹದಿನಾಲ್ಕು ವೈರಿನ ಡಬ್ಬಿ

ನನ್ನ ಗಂಡನನ್ನು ಬೀದಿಯವರೆಲ್ಲ ಟೆಸ್ಟರ್ ಅಂತಲೇ ಕರೆಯುವುದು. ಇಪ್ಪತ್ತಾರು ವರ್ಷದಿಂದ ಊರವರ ಮನೆಗಳಿಗೆ ವೈರಿಂಗ್ ಮಾಡಿಕೊಂಡು ಬಂದ ಮನುಷ್ಯ. ಬೇರೆಯವರ ಮನೆಯಲ್ಲಿ ಒಂದು ಹೋಲ್ಡರ್ ಬದಲಾಯಿಸಬೇಕಾದರೂ ಮೇನ್ ಫ್ಯೂಸ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡೇ ಸ್ಟೂಲು ಹತ್ತುತ್ತಿದ್ದರು. ಯಾರನ್ನೂ ನಂಬುತ್ತಿರಲಿಲ್ಲ. ಸ್ವಂತ ಮನೆಯ ಕೆಲಸಕ್ಕೆ ಮಾತ್ರ ಅವರಿಗೆ ಪುರುಸೊತ್ತಿರಲಿಲ್ಲ.

ನಮ್ಮ ನಡುಮನೆಯ ಬಾಗಿಲ ಮೇಲೆ ಅಂಗೈಯಗಲದ ಜಂಕ್ಷನ್ ಬಾಕ್ಸ್ ಇತ್ತು. ನಾಲ್ಕು ವೈರು ಹಿಡಿಸುವ ಡಬ್ಬಿ. ನಮ್ಮ ಫ್ರಿಜ್ಜು, ಪಂಪು ಎಲ್ಲ ಅದರಿಂದಲೇ. ಮುಂದಿನ ಕೋಣೆಯಲ್ಲಿ ಮೈದುನ ಇಟ್ಟಿದ್ದ ಇಸ್ತ್ರಿ ಅಂಗಡಿಗೂ ಅದೇ ಗತಿ. ಅವನು ಒಂದಿದ್ದ ಇಸ್ತ್ರಿಪೆಟ್ಟಿಗೆಯನ್ನು ಮೂರು ಮಾಡಿದ. ಪ್ರತಿ ಸಲವೂ ಇವರು ಬೈದುಕೊಂಡೇ ಇನ್ನೊಂದು ವೈರು ತುರುಕಿದರು. ಕೊನೆಗೆ ಹದಿನಾಲ್ಕಾದವು. ಮುಚ್ಚಳ ಕೂರದೆ ದಾರ ಕಟ್ಟಿದ್ದೆವು. ನಾನು ಬಾಯಿ ಬಡಿದುಕೊಂಡದ್ದೇ ಬಂತು, ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೇ ತಾಯಿಯ ಮಕ್ಕಳಲ್ಲವೇ!

ಒಂದು ಬೆಳಿಗ್ಗೆ ಡಬ್ಬಿಯಿಂದ ಹೊಗೆ ಬಂತು. ಇವತ್ತು ಬಿಚ್ಚಿ ಎರಡು ಬಾಕ್ಸ್ ಮಾಡುತ್ತೇನೆ, ಸಂಜೆವರೆಗೆ ಕರೆಂಟಿಲ್ಲ ಎಂದರು ಇವರು. ಆಸ್ಪತ್ರೆಯವರ ನೂರು ಕೋಟು ಮಧ್ಯಾಹ್ನಕ್ಕೆ ಕೊಡಬೇಕು, ಮುಟ್ಟಿದರೆ ಸುಮ್ಮನಿರುವುದಿಲ್ಲ ಎಂದ ಮೈದುನ. ಮಾತಿಗೆ ಮಾತು ಬೆಳೆಯಿತು. ಇವರು ಗಿರಾಕಿಗಳ ಎದುರಿಗೇ ಅವನ ಕೆನ್ನೆಗೆ ಬಾರಿಸಿದರು. ಅವನು ಇವರ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ತುಟಿ ಒಡೆಯಿತು. ಇವರು ರಕ್ತ ಉಗಿದು, ಫ್ಯೂಸ್ ಕಿತ್ತು ಮೀಟರ್ ಬೋರ್ಡಿನ ಮೇಲಿಟ್ಟು ಸ್ಟೂಲು ಹತ್ತಿದರು. ಜೇಬಿಗೆ ಹಾಕಿಕೊಳ್ಳಲಿಲ್ಲ. ಸ್ವಂತ ಮನೆ, ಯಾರಿಗೆ ಹೆದರಬೇಕು?

ನಾನು ಹಿತ್ತಿಲಿಂದ ಬರುತ್ತಿದ್ದೆ. ಕೂಗು ಕೇಳಿಸಲಿಲ್ಲ, ಸ್ಟೂಲು ಕಟಕಟ ಎನ್ನುತ್ತಿತ್ತು. ನೋಡಿದರೆ ಇವರ ಬಲಗೈ ಡಬ್ಬಿಗೆ ಕಚ್ಚಿಕೊಂಡಿತ್ತು, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಬಟ್ಟೆ ಹರವುವ ಒಣ ಕೋಲೆತ್ತಿ ನನ್ನ ಗಂಡನ ಮುಂಗೈ ಮೇಲೆ ಶಕ್ತಿಯಿದ್ದಷ್ಟೂ ಹೊಡೆದೆ. ಮೂಳೆ ಲಟಕ್ಕೆಂದಿತು. ಕೈ ಬಿಟ್ಟು ನೆಲಕ್ಕೆ ಬಿದ್ದರು. ಪುಣ್ಯಕ್ಕೆ ಉಸಿರಿತ್ತು.

ಮೀಟರಿನ ಹತ್ತಿರ ಮೈದುನ ನಿಂತಿದ್ದ. ಫ್ಯೂಸ್ ಅದರ ಜಾಗಕ್ಕೆ ಹೋಗಿ ಕೂತಿತ್ತು. ಸಿಟ್ಟಿಗೆ ನನಗೆ ಮೈಮೇಲಿನ ಎಚ್ಚರ ತಪ್ಪಿತು. ಅದೇ ಕೋಲಿನಿಂದ ಅವನನ್ನು ಹೆಗಲು, ಬೆನ್ನು, ತಲೆ ಎನ್ನದೆ ಚಚ್ಚಿದೆ. ನೆತ್ತಿ ಬಿರಿದು ಅವನ ಕಣ್ಣಿಗೆ ರಕ್ತ ಇಳಿಯಿತು. ಸಾಯಲಿ ಎಂದೇ ಹೊಡೆದೆ, ಸುಳ್ಳೇಕೆ ಹೇಳಲಿ. ಅವನು ಕೈ ಅಡ್ಡ ಹಿಡಿಯಲೂ ಇಲ್ಲ.

“ಸಾಕು ಬಿಡೇ,” ಎಂದರು ಇವರು ಬಿದ್ದಲ್ಲಿಂದಲೇ. “ನಾನಿನ್ನೂ ಮೇಲಿದೀನಿ ಅಂತ ಅವನಿಗೆ ಗೊತ್ತಿರಲಿಲ್ಲ. ಕೆಲಸ ಮುಗೀತು ಅಂದ್ಕೊಂಡು ಹಾಕಿದಾನೆ.”

ಮೀಟರಿನ ಹತ್ತಿರ ನಿಂತರೆ ಸ್ಟೂಲು ಎದುರಿಗೇ ಕಾಣುತ್ತದೆ. ಅದು ಇವರಿಗೂ ಗೊತ್ತು, ನನಗೂ ಗೊತ್ತು. ಆದರೂ ಕೋಲು ಇಳಿಸಿದೆ. ಮೈದುನ ಹೂಂ ಎಂದಿದ್ದರೆ ಸಾಕಿತ್ತು, ನಾನೂ ನಂಬಿದವಳ ಹಾಗೆ ಇದ್ದುಬಿಡುತ್ತಿದ್ದೆ.

ಅವನು ಬಂದು ಅಣ್ಣನ ಪಕ್ಕ ಕುಕ್ಕರುಗಾಲಲ್ಲಿ ಕೂತ.

“ಗೊತ್ತಿತ್ತು ಅಣ್ಣ,” ಎಂದ. “ನಿನ್ನ ನೋಡ್ಕೊಂಡೇ ಹಾಕ್ದೆ.”

ಮೂಳೆ ಮುರಿದಾಗ ಬಾರದ ಅಳು ನನ್ನ ಗಂಡನಿಗೆ ಆಗ ಬಂತು.