ಮಾಮಾನ ಬೆಂಜೋಗೆ ಒಂದು ಪಿಕ್ಕು

ನಿಪ್ಪಾಣಿಯಲ್ಲಿರುವ ನನ್ನ ಅಕ್ಕನ ಗಂಡನಿಗೆ ಲಕ್ವಾ ಹೊಡೆದದ್ದು ಯಾವಾಗ ಎಂಬ ವಿಷಯದಲ್ಲಿ ಮನೆಯವರಲ್ಲಿ ಒಮ್ಮತವಿರಲಿಲ್ಲ. ಹೊಗೆಸೊಪ್ಪಿನ ಕೊಯ್ಲು ಮುಗಿದಿತ್ತು ಎಂದು ಅಕ್ಕ ಹೇಳುತ್ತಾಳೆ. ಸಕ್ಕರೆ ಕಾರ್ಖಾನೆ ಇನ್ನೂ ಕಬ್ಬು ಅರೆಯುತ್ತಿತ್ತು ಎಂದು ಅವರು ಹೇಳುತ್ತಾರೆ. ಆಸ್ಪತ್ರೆಯ ಚೀಟಿಯೊಂದಿಗೆ ತಾಳೆ ನೋಡಿದಾಗ ಇಬ್ಬರ ಮಾತೂ ಸರಿಯಿತ್ತು. ಆ ವರ್ಷ ಕಾರ್ಖಾನೆ ತಡವಾಗಿ ನಿಂತಿತ್ತು. ಇತಿಹಾಸ ಸಂಶೋಧನೆಯ ವೃತ್ತಿ ಬಿಟ್ಟರೂ ದಿನಾಂಕಗಳನ್ನು ತಾಳೆ ನೋಡುವ ಅಭ್ಯಾಸ ನನ್ನನ್ನು ಬಿಟ್ಟಿಲ್ಲ.

ಅಕ್ಕನ ಗಂಡನನ್ನು ನಾವು ಮಾಮಾ ಎನ್ನುತ್ತೇವೆ. ಮಾಮಾ ತಮ್ಮ ಓಣಿಯ ಭಜನಾ ಮಂಡಳಿಯಲ್ಲಿ ಬೆಂಜೋ ನುಡಿಸುವವರು. ಟೈಪರೈಟರಿನಂಥ ಗುಂಡಿಗಳನ್ನು ಎಡಗೈಯಿಂದ ಒತ್ತುತ್ತ, ಬಲಗೈಯಲ್ಲಿ ಹಿಡಿದ ಪ್ಲಾಸ್ಟಿಕ್ ಚೂರಿನಿಂದ ತಂತಿ ಮೀಟುವ ವಾದ್ಯ ಅದು. ಲಕ್ವಾದ ನಂತರ ನಡಿಗೆಯೂ ಮಾತೂ ಸುಧಾರಿಸಿದವು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿಗೆ ಮಾತ್ರ ಹಿಡಿತ ಮರಳಲಿಲ್ಲ. ಎರಡು ಸಾಲು ನುಡಿಸುವಷ್ಟರಲ್ಲಿ ಚೂರು ಜಾರಿ ಬೀಳುತ್ತಿತ್ತು. ಆಗಲೇ ಬೋರಗಾಂವದ ಭಜನಾ ಸಪ್ತಾಹದಿಂದ ಮಂಡಳಿಗೆ ಕರೆ ಬಂತು. ಮಾಮಾನಿಂದ ಆಗದಿದ್ದರೆ ಮುಗಳಖೋಡದ ವಾದಕನೊಬ್ಬನನ್ನು ಕರೆಸುತ್ತೇವೆ ಎಂದು ಮಂಡಳಿಯ ಹಿರಿಯರು ಸಂಕೋಚದಿಂದಲೇ ಹೇಳಿ ಹೋದರು. ಒಮ್ಮೆ ಬೇರೆಯವರು ಕುಳಿತ ಜಾಗ ಮತ್ತೆ ತಮಗೆ ಸಿಗುವುದಿಲ್ಲ ಎಂಬ ಅಂಜಿಕೆ ಮಾಮಾಗೆ ಇತ್ತು.

ನಾನಿರುವುದು ಚಿಕ್ಕೋಡಿಯಲ್ಲಿ. ನಿವೃತ್ತಿಯ ಮರುವರ್ಷ ಗಿಟಾರು ಕಲಿಯತೊಡಗಿದ್ದರಿಂದ ಹಳೆಯ ಅಡಿಕೆ ಡಬ್ಬಿಯೊಂದರಲ್ಲಿ ತಂತಿ ಮೀಟುವ ಪಿಕ್ಕುಗಳು ಸೇರಿಕೊಂಡಿದ್ದವು. ಹಾಡಿನ ಜೊತೆಗೆ ಎಲ್ಲ ತಂತಿಗಳನ್ನೂ ಸವರಿಕೊಂಡು ಹೋಗಲು ತೆಳ್ಳಗಿನ, ಬಾಗುವ ಪಿಕ್ಕು ಬೇಕು. ಒಂದೊಂದೇ ಸ್ವರವನ್ನು ಬಿಡಿಸಿ ನುಡಿಸುವವರಿಗೆ ದಪ್ಪನೆಯದು. ನೈಲಾನ್ ತಂತಿಯ ಗಿಟಾರಿಗಾದರೆ ಬೆರಳೇ ಮೇಲು ಎಂಬುದು ನನ್ನ ಅನುಭವ. ಹಿಡಿತ ಕಡಿಮೆಯಿರುವ ಕೈಗೆ ದಪ್ಪನೆಯ, ಅಗಲವಾದ ಪಿಕ್ಕೇ ಸೂಕ್ತವೆಂದು ತರ್ಕಿಸಿ, ಡಬ್ಬಿಯೊಂದಿಗೆ ನಿಪ್ಪಾಣಿಯ ಬಸ್ಸು ಹತ್ತಿದೆ.

"ಏನೋ ಸಾಹೇಬ, ಸಂಶೋಧನಾ ಡಬ್ಬ್ಯಾಗ ಹಾಕ್ಕೊಂಡ ಬಂದಿ ಏನ?" ಎಂದು ಮಾಮಾ ನಕ್ಕರು.

ದಪ್ಪನೆಯ ಪಿಕ್ಕು ಕೈಯಲ್ಲಿ ನಿಂತಿತು. ಆದರೆ ಬೆಂಜೋದಲ್ಲಿ ಸ್ವರವನ್ನು ಎಳೆದು ನಿಲ್ಲಿಸಬೇಕಾದರೆ ಮೇಲೆ ಕೆಳಗೆ ಬಿಡುವಿಲ್ಲದೆ ಮೀಟುತ್ತಿರಬೇಕು. ಬಿಗಿಯಾದ ಸಣ್ಣ ತಂತಿಗಳಿಗೆ ಆ ಪಿಕ್ಕು ಸಿಕ್ಕಿಕೊಳ್ಳತೊಡಗಿತು.

"ಇದ ಭಜನಿ ಅಲ್ಲೋ, ಕಬ್ಬ ಕಡದಂಗ ಆಗಾಕತ್ತೈತಿ," ಎಂದರು ಮಾಮಾ.

ತೆಳ್ಳಗಿನದನ್ನು ಕೊಟ್ಟೆ. ನಾದ ಬಹಳ ಇಂಪಾಗಿ ಬಂತು. ಅಷ್ಟರಲ್ಲಿ ಪಿಕ್ಕು ಅವರ ಮಡಿಲಿಗೆ ಬಿತ್ತು.

ಅಡುಗೆಮನೆಯಿಂದ ಅಕ್ಕ ಹೇಳಿದಳು: "ದಪ್ಪಂದು ಕೈಗಿ ಸೇರತೈತಿ, ತೆಳ್ಳಂದು ತಂತಿಗಿ ಸೇರತೈತಿ. ಜಗಳಾಡೋ ಇಬ್ಬರು ಸೊಸಿಯಾರ ಮನಿ ಆತಲ್ಲ ತಮ್ಮಾ ಇದು."

ಮುಂದಿನ ವಾರ ಮಿರಜಿಗೆ ಹೋಗಿ ಸಿತಾರ್ ವಾದಕರು ಬೆರಳಿಗೆ ತೊಡುವ ತಂತಿಯ ನಖಿಯನ್ನು ತಂದೆ. ತೊಟ್ಟುಕೊಳ್ಳುವ ವಸ್ತುವಿಗೆ ಹಿಡಿತದ ಅಗತ್ಯವಿಲ್ಲವೆಂಬುದು ನನ್ನ ಎರಡನೆಯ ತರ್ಕ. ಅದು ಅರ್ಧ ಮಾತ್ರ ನಿಜವಾಯಿತು. ಲೋಹದ ತುದಿ ತಗುಲಿದಾಗ ಬೆಂಜೋ ಶಾಲೆಯ ಗಂಟೆಯಂತೆ ಸದ್ದು ಮಾಡಿತು. ಸ್ಪರ್ಶ ಮಂದವಾಗಿದ್ದ ಬೆರಳಲ್ಲಿ ನಖಿ ತಿರುಗಿಹೋದರೂ ಮಾಮಾಗೆ ತಿಳಿಯಲಿಲ್ಲ. ಅವರು ಅದನ್ನು ಬಿಚ್ಚಿ ನನ್ನ ಕೈಗಿಟ್ಟು, ವಾದ್ಯಕ್ಕೆ ಬಟ್ಟೆ ಹೊದಿಸಿದರು.

"ಆ ಮುಗಳಖೋಡದಾಂವ್ಗ ಫೋನ್ ಹಚ್ಚಾಕ ಹೇಳಿಬಿಡು."

ಅಕ್ಕ ಒಳಗೆ ಹೋಗಿ, ಟ್ರಂಕಿನ ತಳದಿಂದ ಒಂದು ತಗಡಿನ ಉಗುರನ್ನು ತಂದಳು. ಕಣ್ಣು ಮಂದವಾಗುವ ತನಕ ಅವಳು ಮನೆಯಲ್ಲಿ ಕುಳಿತು ಬೀಡಿ ಕಟ್ಟಿದವಳು. ಸುತ್ತಿದ ಎಲೆಯ ತುದಿಯನ್ನು ಒಳಕ್ಕೆ ಮಡಚಲು ಅದನ್ನು ತೋರುಬೆರಳಿಗೆ ತೊಡುತ್ತಿದ್ದಳು. ಎಷ್ಟು ವೇಗವಾಗಿ ಮಡಚಿದರೂ ಅದು ಬೆರಳಲ್ಲಿ ತಿರುಗದಂತೆ ಎರಡೂ ಬದಿ ಬಗ್ಗಿಸಲಾಗಿತ್ತು.

"ಬೆರಳ ಚಾಚ್ರಿ," ಎಂದಳು.

"ಈ ವಯಸ್ಸಿನ್ಯಾಗ ಬೀಡಿ ಕಟ್ಟಾಕ ಕೂಡಸ್ತಿ ಏನ ನನ್ನ?"

"ನಿಮ್ಮ ಕೈಲೆ ಬೀಡಿ ಕಟ್ಟಸಿದ್ರ ಒಂದೂ ಪಾಸ್ ಆಗಂಗಿಲ್ರಿ. ಚಾಚ್ರಿ ಸುಮ್ನ."

ಉಗುರು ಮಾಮಾನ ಬೆರಳಿಗೆ ಚಿಕ್ಕದಾಯಿತು. ಹಳೆಯ ಡಬ್ಬಿಯ ತಗಡನ್ನು ಕತ್ತರಿಸಿ ಅದೇ ಮಾದರಿಯಲ್ಲಿ ದೊಡ್ಡದೊಂದನ್ನು ಅಕ್ಕ ಬಗ್ಗಿಸಿದಳು. ಅದರ ಮಡಿಕೆಯಲ್ಲಿ ನನ್ನ ತೆಳ್ಳಗಿನ ಪಿಕ್ಕನ್ನು ಸಿಕ್ಕಿಸಿ ನೂಲು ಸುತ್ತಿದೆವು. ತುದಿ ಎಷ್ಟು ಹೊರಗಿರಬೇಕೆಂಬುದನ್ನು ನಿರ್ಧರಿಸುವಾಗ ನನ್ನ ಗಿಟಾರಿನ ಅಭ್ಯಾಸ ಸ್ವಲ್ಪ ನೆರವಾಯಿತು. ಹೆಚ್ಚಾದರೆ ಪಿಕ್ಕು ಪಟಪಟ ಬಡಿಯುತ್ತಿತ್ತು, ಕಡಿಮೆಯಾದರೆ ತಗಡೇ ತಂತಿಗೆ ತಾಗುತ್ತಿತ್ತು. ನಾನು ಪಿಕ್ಕಿನ ತುದಿಯನ್ನು ಸವರಿ ಸವರಿ ಅಳತೆ ಸರಿಪಡಿಸಿದೆ. ಅಕ್ಕ ಮತ್ತೆ ಮತ್ತೆ ನೂಲು ಬಿಗಿದಳು. ಸಂಜೆಯ ಹೊತ್ತಿಗೆ ಮಾಮಾ ಒಂದು ಭಜನೆಯನ್ನು ಕೊನೆಯವರೆಗೆ ನುಡಿಸಿದರು. ಮೊದಲಿನ ವೇಗವಿರಲಿಲ್ಲ, ಪಿಕ್ಕು ಬೀಳಲೂ ಇಲ್ಲ. ಅಕ್ಕ ಚಹಾ ಇಡಲು ಎದ್ದಳು.

ನೇಕಾರರ ಊರಾದ ಬೋರಗಾಂವದಲ್ಲಿ ಅಂದು ಸಪ್ತಾಹಕ್ಕಾಗಿ ಮಗ್ಗಗಳು ಬೇಗನೆ ನಿಂತಿದ್ದವು. ಮಾಮಾ ತಮ್ಮ ಜಾಗದಲ್ಲೇ, ಹಾರ್ಮೋನಿಯಂನ ಪಕ್ಕದಲ್ಲಿ ಕುಳಿತಿದ್ದರು. ಕೈ ರಭಸಗೊಂಡಾಗಲೆಲ್ಲ ತಗಡಿನ ಅಂಚು ವಾದ್ಯಕ್ಕೆ ತಾಗಿ ಸಣ್ಣಗೆ ಕಿಣಿಕಿಣಿ ಎನ್ನುತ್ತಿತ್ತು. ಎರಡು ಭಜನೆಗಳ ನಡುವೆ ಮಂಡಳಿಯ ಹಿರಿಯರು ಬಾಗಿ ಕೇಳಿದರು:

"ನಮ್ಮ ತಾಳದ ಜೋಡಿ ಇನ್ನೊಂದು ತಾಳ ಕೇಳಾಕತ್ತೈತಲ್ರಿ, ಯಾರದು?"

"ನಮ್ಮಾಕಿ ಸಾಥ್ ಕೊಡಾಕತ್ತಾಳ್ರಿ," ಎಂದರು ಮಾಮಾ.

ಹೆಂಗಸರ ಸಾಲಿನಲ್ಲಿದ್ದ ಅಕ್ಕ ಸೆರಗು ಸರಿಪಡಿಸಿಕೊಂಡು ಬೇರೆ ಕಡೆ ನೋಡಿದಳು.

ಅನಂತರ ನಾನು ಬೆರಳಿಗೆ ತೊಡುವ ಒಳ್ಳೆಯ ಪ್ಲಾಸ್ಟಿಕ್ ಪಿಕ್ಕೊಂದನ್ನು ಹುಡುಕಿ ತರಿಸಿಕೊಟ್ಟೆ. ಅದು ಸದ್ದು ಮಾಡುವುದಿಲ್ಲ, ಬೆರಳಿಗೂ ಹಗುರ. ಮಾಮಾ ಅದನ್ನು ಹೊಗಳಿ, ಜೋಪಾನವಾಗಿ ಬೆಂಜೋದ ಪೆಟ್ಟಿಗೆಯಲ್ಲಿಟ್ಟರು. ಭಜನೆಗೆ ಹೋಗುವಾಗ ಮಾತ್ರ ಇಂದಿಗೂ ಅಕ್ಕನ ಮುಂದೆ ಬೆರಳು ಚಾಚಿ ನಿಲ್ಲುತ್ತಾರೆ. ಅವಳು ತಗಡನ್ನು ತೊಡಿಸಿ, ಹೊಸ ನೂಲು ಬಿಗಿದು ಹಲ್ಲಿನಿಂದ ಕಡಿದು, "ಹೋಗ್ರಿನ್ನ," ಎನ್ನುತ್ತಾಳೆ.