ಏಳನೇ ನಂಬರ್ ಕುರ್ಚಿ

ಆ ದೊಡ್ಡ ಸಭಾಭವನದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಮೊಳೆ ಅಂತ. ಆಳು ಗಿಡ್ಡ, ತಲೆ ದಪ್ಪ. ಹಾಗಾಗಿ ಹೆಸರಿಟ್ಟವರನ್ನು ಬೈಯುವುದಕ್ಕೂ ಅವನಿಗೆ ಬಾಯಿ ಬರುತ್ತಿರಲಿಲ್ಲ. ಕೆಲಸ ಕುರ್ಚಿ ವಿಭಾಗದಲ್ಲಿ. ಆರು ವರ್ಷದಿಂದ ಕುರ್ಚಿ ಹಾಕುವುದು, ತೆಗೆಯುವುದು, ಕಾಲಿನಡಿಯ ತಿರುಪು ತಿರುಗಿಸಿ ಮಟ್ಟ ಮಾಡುವುದು. "ದೊಡ್ಡ ದೊಡ್ಡವರನ್ನೆಲ್ಲ ಕೂರಿಸೋನು ನಾನೇ" ಎಂದು ಹೇಳಿಕೊಳ್ಳುತ್ತಿದ್ದ. ಕೂರಿಸುವುದಕ್ಕೂ ಕೂರುವುದಕ್ಕೂ ಎಷ್ಟು ದೂರ ಎಂಬುದು ಅವನಿಗೆ ಸರಿಯಾಗಿ ತಿಳಿದದ್ದು ಶೃಂಗಸಭೆಯ ವರ್ಷ.

ಹದಿನೆಂಟು ದೇಶಗಳ ನಾಯಕರು ಲೋಕದ ಹಣಕಾಸಿನ ವಿಚಾರ ಮಾತಾಡಲು ಮೂರು ದಿನ ಅಲ್ಲಿಗೆ ಬರುವವರಿದ್ದರು. ಗೋಡೆಗೆ ಮೂರನೇ ಸಲ ಬಣ್ಣ ಬಿತ್ತು. ಲಿಫ್ಟಿನ ಗುಂಡಿಗಳನ್ನು ಉಜ್ಜಿ ಉಜ್ಜಿ ಅದರ ಮೇಲಿನ ಅಂಕಿಗಳೇ ಮಾಸಿಹೋದವು. ಮೇಲಿನಿಂದ ಬಂದ ಅಧಿಕಾರಿಯೊಬ್ಬಳು ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು ಓಡಾಡುತ್ತಿದ್ದಳು. ಕೆಲಸದವರು ಅವಳಿಗೆ ಟೇಪಮ್ಮ ಎಂದು ನಾಮಕರಣ ಮಾಡಿ ಮುಗಿಸಿದ್ದರು. ಅವಳ ನಿಯಮ ಒಂದೇ: ಹದಿನೆಂಟು ಕುರ್ಚಿಗಳೂ ನೆಲದಿಂದ ಒಂದೇ ಎತ್ತರ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಕೂಡದು, ಆಗಿಬಿಟ್ಟರೆ ಯಾವುದೋ ಒಂದು ದೇಶ ಮುಖ ಊದಿಸಿಕೊಳ್ಳುತ್ತದೆ.

ಕ್ಯಾಮೆರಾ, ದೀಪ, ಮೈಕು ಹೊಂದಿಸಲು ನಾಯಕರ ಬದಲಿಗೆ ಕೂರುವ ಹದಿನೆಂಟು ಜನ ಬೇಕಿತ್ತು. ಕೆಲಸದವರಲ್ಲೇ ಆಯ್ಕೆ. ಆಯ್ಕೆಯಾದವರಿಗೆ ಸಭೆಯ ಮೂರು ದಿನವೂ ಒಳಸಭಾಂಗಣದ ಪಾಸು. ಉಳಿದವರಿಗೆ ಮೂರು ದಿನ ರಜೆ, ಮನೆಯಲ್ಲಿ ಟೀವಿ. ಮೊಳೆಗೆ ಆ ಪಾಸು ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಆಯ್ಕೆಯ ದಿನ ಬೂಟಿನೊಳಗೆ ಎರಡು ಪದರ ರಟ್ಟು ಹಾಕಿಕೊಂಡು ಹೋಗಿ, ಸಾಲಿನಲ್ಲಿ ಬಾತುಕೋಳಿಯಂತೆ ನಡೆದು, ಟೇಪಮ್ಮ ಅವನ ತಲೆಯ ಮೇಲಿಂದಲೇ ಹಿಂದಿನವನನ್ನು ನೋಡಿದ್ದನ್ನು ಕಣ್ಣಾರೆ ಕಂಡು ಬಂದ.

ಹಿಂದೆ ನಿಂತಿದ್ದವನು ಬೇರಾರೂ ಅಲ್ಲ, ಅವನ ಷಡ್ಡಕ. ಹೆಂಡತಿಯ ಅಕ್ಕನ ಗಂಡ. ಅದೇ ಭವನದಲ್ಲಿ ಎಲೆಕ್ಟ್ರಿಷಿಯನ್. ಆರಡಿ ಆಳು, ಅಗಲ ಭುಜ, ಸುಮ್ಮನೆ ನಿಂತರೂ ಏನೋ ಉದ್ಘಾಟನೆ ಮಾಡಲು ಬಂದವನಂತೆ ಕಾಣುವ ನಿಲುವು. ಟೇಪಮ್ಮ ಅವನಿಗೆ ಏಳನೇ ನಂಬರ್ ಕುರ್ಚಿ ಕೊಟ್ಟಳು. ಅದು ಒಂದು ಭಾರೀ ದೇಶದ ಅಧ್ಯಕ್ಷರದ್ದು.

ಆ ಭಾನುವಾರ ಇಬ್ಬರು ಅಳಿಯಂದಿರಿಗೂ ಅತ್ತೆ ಮನೆಯಲ್ಲಿ ಊಟ.

"ನಮ್ಮ ದೊಡ್ಡಳಿಯ ಅಧ್ಯಕ್ಷರ ಜಾಗದಲ್ಲಿ ಕೂರ್ತಾರಂತೆ ಕಣಮ್ಮ!" ಎಂದು ಅತ್ತೆ ಕಿಟಕಿಯಿಂದಲೇ ಪಕ್ಕದ ಮನೆಗೆ ಸುದ್ದಿ ದಾಟಿಸಿದಳು. ಆಮೇಲೆ ಏನೋ ನೆನಪಾದವಳಂತೆ, "ನಮ್ಮ ಚಿಕ್ಕಳಿಯನೂ ಅಲ್ಲೇ ಇದ್ದಾರೆ ಪಾಪ, ಕುರ್ಚಿ ಒರೆಸ್ತಾರೆ" ಎಂದಳು.

"ಒರೆಸೋದಲ್ಲ ಅತ್ತೆ, ಮಟ್ಟ ಮಾಡೋದು."

"ಅದೇ ಕಣಪ್ಪ, ಯಾವುದಾದರೇನು."

ಒರೆಸುವುದನ್ನಾದರೂ ಸಹಿಸಿಯಾನು, ಆ 'ಪಾಪ' ಎಂಬ ಮಾತನ್ನು ಸಹಿಸಲಾಗಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸಭಾಂಗಣಕ್ಕೆ ಹೋದ. ರಸಮಟ್ಟ ಇಟ್ಟು ಹದಿನೇಳು ಕುರ್ಚಿಗಳನ್ನು ಕಣ್ಣಿಗೊತ್ತಿಕೊಳ್ಳುವ ಹಾಗೆ ಹೊಂದಿಸಿದ. ಏಳನೆಯದರ ನಾಲ್ಕು ತಿರುಪುಗಳನ್ನೂ ಆರಾರು ಸುತ್ತು ಒಳಕ್ಕೆ ತಿರುಗಿಸಿದ. ಕುರ್ಚಿ ಒಂದು ಬೆರಳಗಲ ಕೆಳಗಿಳಿಯಿತು. ಪಟ್ಟಿಯಲ್ಲಿ 'ಎಲ್ಲ ಸರಿ' ಎಂದು ಸಹಿ ಹಾಕಿ ಪರದೆಯ ಪಕ್ಕ ಕೈಕಟ್ಟಿ ನಿಂತ.

ತಾಲೀಮು ಶುರುವಾಯಿತು. ಟೇಪಮ್ಮ ಕ್ಯಾಮೆರಾದ ಮಾನಿಟರ್ ನೋಡುತ್ತ ಹುಬ್ಬು ಗಂಟಿಕ್ಕಿದಳು. "ಏಳನೇ ನಂಬರ್, ಯಾಕೆ ಕುಸಿದು ಕೂತಿದ್ದೀರಿ? ನೇರ ಕೂರಿ."

ಷಡ್ಡಕ ನೇರವಾದ.

"ಇನ್ನೂ ನೇರ."

"ಇದಕ್ಕಿಂತ ನೇರ ಆದ್ರೆ ನಿಂತಂಗೇ ಆಗುತ್ತೆ ಮೇಡಂ."

ಹದಿನೇಳು ದೇಶಗಳು ಕಿಸಕ್ಕೆಂದವು. ಟೇಪಮ್ಮ ನಗಲಿಲ್ಲ. "ನಿಮಗೆ ಕೂರೋಕೆ ಬರಲ್ಲ, ಏಳಿ. ಪರದೆ ಹತ್ತಿರ ನಿಂತಿರೋರು, ನೀವು ಬನ್ನಿ."

ಮೊಳೆ ಓಡಿ ಬಂದ. ತಾಲೀಮಿಗೆಂದು ಷಡ್ಡಕನಿಗೆ ತೊಡಿಸಿದ್ದ ಕೋಟು ಕಸಿದುಕೊಂಡು ತೊಟ್ಟ. ಅದು ಮೊಣಕಾಲು ಮುಟ್ಟಿತು. ಗತ್ತಿನಿಂದ ಹೋಗಿ ಕೂತ. ತಾನೇ ಇಳಿಸಿದ ಕುರ್ಚಿ ಎಂಬುದು ನೆನಪಾದದ್ದು ಮೇಜಿನ ಅಂಚು ಎದೆಯ ಮಟ್ಟಕ್ಕೆ ಬಂದು ನಿಂತಾಗ. ಅಧ್ಯಕ್ಷರ ಮೈಕು ಅವನ ಹಣೆಗೆ ನೇರವಾಗಿತ್ತು. ಸಭಾಂಗಣಕ್ಕೆ ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು.

ಟೇಪಮ್ಮ ಮಾತ್ರ ಬಗ್ಗಿ ಕುರ್ಚಿಗೆ ಟೇಪು ಹಿಡಿದಳು. "ಇದು ಇಳಿದಿದೆ. ಬೆಳಿಗ್ಗೆ ಮಟ್ಟ ನೋಡಿದ್ದು ಯಾರು? ಅವರನ್ನ ಇವತ್ತೇ ಮನೆಗೆ ಕಳಿಸ್ತೀನಿ."

ಮೊಳೆ ಕೋಟಿನೊಳಗೆ ಇನ್ನಷ್ಟು ಕುಗ್ಗಿದ. ಆಗ ಷಡ್ಡಕ ಮುಂದೆ ಬಂದ. "ಮಟ್ಟ ನೋಡಿದವರದ್ದೇನೂ ತಪ್ಪಿಲ್ಲ ಮೇಡಂ. ಮೈಕಿನ ವೈರ್ ಎಳೆಯೋವಾಗ ನಾನು ಅದನ್ನ ಅಲ್ಲಾಡಿಸಿದ್ದೆ. ತಿರುಪು ಸರಿದಿರಬೇಕು."

ಟೇಪಮ್ಮ ಅವನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. "ಕೇಳಿದ ತಕ್ಷಣ ಒಪ್ಪಿಕೊಳ್ಳೋರನ್ನ ಈ ಕಟ್ಟಡದಲ್ಲಿ ಇವತ್ತೇ ನೋಡ್ತಿರೋದು. ಸರಿ, ನೀವೇ ಕೂರಿ."

ಮೊಳೆ ಮಂಡಿಯೂರಿ ತಿರುಪು ಬಿಚ್ಚಿ ಕುರ್ಚಿ ಏರಿಸಿದ. ನಾಲ್ಕೂ ಕಾಲಿಗೂ ಲೆಕ್ಕ ಹಾಕಿಟ್ಟಂತೆ ಆರಾರೇ ಸುತ್ತು. ನಿಂತು ನೋಡುತ್ತಿದ್ದ ಷಡ್ಡಕ ಬಗ್ಗಿ ಮೆಲ್ಲಗೆ, "ತಾನಾಗೇ ಸರಿದ ತಿರುಪು ನಾಲ್ಕೂ ಒಂದೇ ಸಮ ಸರಿದಿದೆ, ಅಲ್ವೇನೋ ತಮ್ಮ?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಮೊಳೆಗೆ ಉರಿದದ್ದು ಅದಕ್ಕೇ. ಎತ್ತರ ಕೊಟ್ಟ ದೇವರು ಒಳ್ಳೆಯ ಮನಸ್ಸನ್ನಾದರೂ ಬೇರೆ ಯಾರಿಗಾದರೂ ಕೊಡಬಹುದಿತ್ತು.

ಸಂಜೆ ಪಾಸಿನ ಪಟ್ಟಿ ಅಂಟಿಸಿದರು. ಷಡ್ಡಕ ಒಳಗೆ, ಮೊಳೆಗೆ ಮೂರು ದಿನ ರಜೆ.

ಇಬ್ಬರೂ ಅತ್ತೆ ಮನೆಗೆ ಹೋಗುವಷ್ಟರಲ್ಲಿ ಸುದ್ದಿ ಅಲ್ಲಿಗೆ ತಲುಪಿತ್ತು. "ತಪ್ಪು ನನ್ನದು ಅಂತ ಎಲ್ಲರೆದುರು ಒಪ್ಪಿಕೊಂಡರಂತೆ! ಎಂಥಾ ಮನುಷ್ಯ!" ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಷಡ್ಡಕ ಲೋಟದೊಳಗೆ ನೋಡುತ್ತಿದ್ದ. ಮೊಳೆ ಹತ್ತು ನಿಮಿಷ ತಡೆದುಕೊಂಡ. ಹನ್ನೊಂದನೇ ನಿಮಿಷಕ್ಕೆ ಆಗಲಿಲ್ಲ.

"ಆ ತಪ್ಪು ಅವರದ್ದಲ್ಲ!" ಎಂದು ಎದ್ದು ನಿಂತ. "ಮಾಡಿದ್ದು ನಾನು! ಬೇಕು ಅಂತಲೇ ಕುರ್ಚಿ ಇಳಿಸಿದ್ದೆ. ಅದರ ಹೊಗಳಿಕೆನೂ ಅವರಿಗೇ ಹೋಗಬೇಕಾ?"

ಅತ್ತೆ ಚಿಕ್ಕಳಿಯನನ್ನು ನೋಡಿದಳು, ದೊಡ್ಡಳಿಯನನ್ನು ನೋಡಿದಳು. ಅವಳ ಕಣ್ಣು ಮತ್ತೆ ತುಂಬಿತು. "ಅಯ್ಯೋ! ಅಂದ್ರೆ ಮಾಡದ ತಪ್ಪನ್ನ ತಲೆ ಮೇಲೆ ಹೊತ್ತುಕೊಂಡ್ರಾ? ನಿಮ್ಮ ಕೆಲಸ ಉಳಿಸೋಕೆ?" ಎಂದವಳೇ ಕಿಟಕಿಯತ್ತ ಧಾವಿಸಿದಳು, ಪಕ್ಕದ ಮನೆಗೆ ಹೇಳಲು.

ಮೊಳೆ ಕೂತ. ಹೆಂಡತಿ ಹತ್ತಿರ ಸರಿದು, "ರೀ, ಎಷ್ಟು ಸುತ್ತು ಇಳಿಸಿದ್ರಿ?" ಎಂದು ಪಿಸುಗುಟ್ಟಿದಳು.

"ಆರು."

"ಅಕ್ಕನ ಗಂಡ ನಿಮ್ಮ ಎತ್ತರಕ್ಕೆ ಬರಬೇಕು ಅಂದ್ರೆ ನೆಲವನ್ನೇ ಅಗೀಬೇಕಿತ್ತಲ್ರೀ" ಎಂದು ಸೆರಗು ಬಾಯಿಗೆ ತುರುಕಿಕೊಂಡು ನಗತೊಡಗಿದಳು. ಮೊಳೆ ಮುಖ ಗಂಟಿಕ್ಕಿಕೊಂಡೇ ಇದ್ದ, ಅವಳ ನಗು ನಿಲ್ಲುವವರೆಗೆ. ಅದು ಬೇಗ ನಿಲ್ಲಲಿಲ್ಲ.