ಇಗರ್ಜಿಯ ಕಂಬದಲ್ಲಿ ಕಾಳುಮೆಣಸು

ನನ್ನ ಅಜ್ಜನನ್ನು ಊರವರು ದ್ರಾಕ್ಷಿ ಆಚಾರಿ ಎಂದು ಕರೆಯುತ್ತಿದ್ದರು. ಹೊಗಳಿಕೆಯಲ್ಲ, ಶುದ್ಧ ಗೇಲಿ. ಬೆಳ್ತಂಗಡಿ ಕಡೆಯ ಒಂದು ಹಳೇ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಬಲಿಪೂಜೆಯ ಪೀಠವಾದ ಆಲ್ತಾರಿನ ಎರಡು ಕಂಬಗಳನ್ನು ಗೆದ್ದಲು ತಿಂದುಹಾಕಿತ್ತು. ಹೊಸ ಕಂಬ ಕೆತ್ತಲು ಅಜ್ಜನನ್ನು ಕರೆಸಿದರು. ಪೋರ್ಚುಗೀಸ್ ಮಾದರಿಯ ಕಂಬ ಅದು, ಹಗ್ಗ ಹೊಸೆದ ಹಾಗೆ ತಿರುಚಿಕೊಂಡು ಮೇಲೇರುವಂಥದ್ದು. ಅದರ ಮೈಸುತ್ತ ದ್ರಾಕ್ಷಿ ಬಳ್ಳಿ ಇರಬೇಕು. ಅಜ್ಜನೋ, ಹುಟ್ಟಿದಂದಿನಿಂದ ದ್ರಾಕ್ಷಿಯ ಮುಖ ಕಂಡವರಲ್ಲ. ಗೆದ್ದಲು ತಿಂದು ಬಿಟ್ಟದ್ದರಲ್ಲಿ ಅವರಿಗೆ ಕಂಡದ್ದು ಒಂದು ಬಳ್ಳಿ, ಒಂದಷ್ಟು ಉರುಟು ಕಾಳು, ಅಂಚು ಹರಿದ ಕೆಲವು ಎಲೆ. ಬಳ್ಳಿಯಲ್ಲಿ ಉರುಟು ಕಾಳು ಅಂದರೆ ನಮ್ಮ ಕಡೆ ಇನ್ನೇನು? ಕಾಳುಮೆಣಸು! ದ್ರಾಕ್ಷಿ ಎಲೆಯ ಅಂಚಿನ ಸೀಳುಗಳನ್ನು ಗೆದ್ದಲಿನ ಕೆಲಸವೆಂದು ತಿಳಿದು, ಪಾಪ, ಒಂದೊಂದು ಎಲೆಯನ್ನೂ ‘ರಿಪೇರಿ’ ಮಾಡಿ ದುಂಡಗೆ ಕೆತ್ತಿಟ್ಟರು. ಹೊಸ ಕಂಬ ನಿಲ್ಲಿಸಿದ ದಿನ ಪಾದ್ರಿಗಳು ಹೊಟ್ಟೆ ಹಿಡಿದು ನಕ್ಕರಂತೆ. ಹಬ್ಬ ಎದುರಿಗೇ ಇತ್ತು, ಕಂಬ ಹಾಗೆಯೇ ಉಳಿಯಿತು. ಅಜ್ಜನಿಗೆ ಹೆಸರೂ ಉಳಿಯಿತು.

ಈ ಹೆಸರಿನ ಕಾಟ ಅಜ್ಜನಿಗಿಂತ ಹೆಚ್ಚು ತಿಂದವಳು ಅವರ ಒಬ್ಬಳೇ ಮಗಳು, ನನ್ನ ಅಮ್ಮ. ಶಾಲೆಯಲ್ಲಿ ದ್ರಾಕ್ಷಿ, ಮದುವೆಯ ಚಪ್ಪರದಲ್ಲಿ ದ್ರಾಕ್ಷಿ, ಗಂಡನ ಮನೆಯಲ್ಲಿ ಸಾರಿಗೆ ಮೆಣಸು ಹೆಚ್ಚಾದರೂ ದ್ರಾಕ್ಷಿ. ಈಗ ಎಂಬತ್ತು ದಾಟಿದೆ. ಇವತ್ತಿಗೂ ದ್ರಾಕ್ಷಿ ಮುಟ್ಟುವುದಿಲ್ಲ. ಯಾರಾದರೂ ತಂದುಕೊಟ್ಟರೆ, “ಬೇಡ ಬೇಡ, ಅದು ಹುಳಿ” ಎಂದು ತಟ್ಟೆಯನ್ನೇ ಆಚೆ ತಳ್ಳುತ್ತಾಳೆ. ಗೇಲಿಯ ಸಿಟ್ಟು ಎಂದೇ ನಾವೆಲ್ಲ ತಿಳಿದದ್ದು.

ನಾನು ಬಂಟ್ವಾಳದ ಹೈಸ್ಕೂಲೊಂದರಲ್ಲಿ ಚಿತ್ರಕಲೆಯ ಟೀಚರಾಗಿದ್ದವಳು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಟಿವಿ ನೋಡುವ ತಾಳ್ಮೆ ನನಗಿಲ್ಲ. ಹಳೇ ಮನೆ, ಬಸದಿ, ಇಗರ್ಜಿ ತೋರಿಸುವ ಗೈಡ್ ಆದೆ. ಆ ಇಗರ್ಜಿಗೂ ಎಷ್ಟೋ ಸಲ ಜನರನ್ನು ಕರೆದುಕೊಂಡು ಹೋಗಿದ್ದೇನೆ. ಕಂಬದ ಹತ್ತಿರ ಬಂದ ಕೂಡಲೇ, “ಇದು ದ್ರಾಕ್ಷಿ ಬಳ್ಳಿ, ಬನ್ನಿ ಬನ್ನಿ, ಆಚೆ ಹೋಗುವ” ಎಂದು ಒಂದೇ ಉಸಿರಿಗೆ ದಾಟಿಸಿಬಿಡುತ್ತಿದ್ದೆ. ನಾಚಿಕೆಗೇಡು, ಒಪ್ಪುತ್ತೇನೆ.

ಹೀಗಿರುವಾಗ ಮಂಗಳೂರಿನ ಒಬ್ಬ ಟ್ರಾವೆಲ್ಸಿನವರು ಫೋನ್ ಮಾಡಿದರು. ಪೋರ್ಚುಗಲ್‌ನಿಂದ ಏಳು ಮಂದಿ ಬಂದಿದ್ದಾರೆ, ಹಳೇ ಕಟ್ಟಡ, ಹೆಂಚು, ಕೆತ್ತನೆ ನೋಡುವುದೇ ಅವರ ಹುಚ್ಚು, ಗೋವಾ ಮುಗಿಸಿದ್ದಾರೆ, ನಮ್ಮ ಕಡೆ ಒಂದು ದಿನ ತೋರಿಸಬೇಕು. ಅವರ ಹಿರಿಯಾಕೆ ಬದುಕೆಲ್ಲ ಇಗರ್ಜಿಗಳ ಆಲ್ತಾರ್ ರಿಪೇರಿ ಮಾಡಿದವರಂತೆ. ನಾನು ಸಂಭ್ರಮದಲ್ಲಿ ಹೂಂ ಅಂದೆ. ಫೋನ್ ಇಟ್ಟು ತಿರುಗುತ್ತೇನೆ, ಅಮ್ಮ ಬಾಗಿಲಲ್ಲಿ ನಿಂತಿದ್ದಾಳೆ.

“ನಾನೂ ಬರ್ತೇನೆ.”

“ನೀನು ಎಂತ ಮಾಡ್ಲಿಕ್ಕೆ ಅಮ್ಮ? ಇಡೀ ದಿನದ ಪ್ರಯಾಣ.”

“ಆ ಕಂಬ ಅವರ ಊರಿನದ್ದಲ್ವಾ? ಅವರ ಬಾಯಲ್ಲೇ ಕೇಳ್ಬೇಕು ನನಗೆ. ನನ್ನ ಅಪ್ಪ ಮಾಡಿದ್ದು ತಪ್ಪಾ, ಸರಿಯಾ ಅಂತ. ನಾನು ಸಾಯುವ ಮೊದಲು ಒಮ್ಮೆ ಗೊತ್ತಾಗ್ಬೇಕು ಮಾರಾಯ್ತಿ.”

ತಮಾಷೆ ಮಾಡಲು ಬಾಯಿ ತೆರೆದವಳು, ಟ್ರಾವೆಲ್ಸಿನವರಿಗೆ ಮತ್ತೆ ಫೋನ್ ಮಾಡಿ ಒಂದು ಸೀಟು ಹೆಚ್ಚಿಗೆ ಹೇಳಿದೆ.

ಆ ದಿನ ಬೆಳಿಗ್ಗೆ ಅಮ್ಮ ಟ್ರಂಕಿನ ತಳದ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮಿನಿಬಸ್ಸಿನ ಮುಂದಿನ ಸೀಟಿನಲ್ಲಿ ಮದುಮಗಳ ಸೋದರತ್ತೆಯ ಗತ್ತಿನಲ್ಲಿ ಕೂತಳು. ಬಂದವರೆಲ್ಲ ಅವಳಿಗೆ ಕೈಮುಗಿದೇ ಬಸ್ಸು ಹತ್ತಿದರು. ಹಿರಿಯಾಕೆ ಕಡ್ಡಿಯಂಥ ಮೈಯ, ಬೆಳ್ಳಿ ಕೂದಲಿನ ಹೆಂಗಸು. ಕುತ್ತಿಗೆಯಲ್ಲಿ ದಾರ ಕಟ್ಟಿದ ಒಂದು ಪುಟ್ಟ ಟಾರ್ಚು.

ಮೊದಲು ಪಾಣೆಮಂಗಳೂರಿನ ಒಂದು ದೊಡ್ಡ ಹಳೇ ಮನೆ. ಅದರ ಜಗಲಿಯ ಗೋಡೆಗೆ ಬಣ್ಣಬಣ್ಣದ ಹೂವಿನ ಟೈಲ್ಸ್. ಮನೆಯ ಯಜಮಾನರು ಬೆಲ್ಲ ನೀರು ಕೊಟ್ಟು, ಎದೆ ಉಬ್ಬಿಸಿ, “ಇದು ಪಕ್ಕಾ ಪೋರ್ಚುಗೀಸ್. ನಮ್ಮ ಮುತ್ತಜ್ಜನ ಕಾಲದಲ್ಲಿ ಹಡಗಿನಲ್ಲಿ ಬಂದದ್ದು” ಎಂದರು. ಹಿರಿಯಾಕೆ ಮೂಲೆಯಲ್ಲಿ ಸಡಿಲವಾಗಿದ್ದ ಒಂದು ಟೈಲನ್ನು ಅಪ್ಪಣೆ ಕೇಳಿ ಮೆಲ್ಲಗೆ ತೆಗೆದು ತಿರುಗಿಸಿದರು. ಹಿಂಬದಿಯಲ್ಲಿ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚು ಒತ್ತಿತ್ತು: ಮೇಡ್ ಇನ್ ಜಪಾನ್.

ಅಯ್ಯಯ್ಯೋ! ಯಜಮಾನರು ಎರಡು ನಿಮಿಷ ಟೈಲನ್ನೇ ನೋಡಿದರು, ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು. ಆಮೇಲೆ ಮುಖ ಅರಳಿತು. “ಜಪಾನ್ ಅಂದ್ರೆ ಇನ್ನೂ ದೂರ ಅಲ್ವಾ? ನಮ್ಮ ಮುತ್ತಜ್ಜ ಅಂದ್ರೆ ಸುಮ್ನೆ ಅಲ್ಲ!” ಅವರ ಮಾತನ್ನು ನಾನು ಇಂಗ್ಲಿಷಿಗೆ ತಂದದ್ದೇ ತಡ, ಏಳೂ ಮಂದಿ ಬಿದ್ದು ಬಿದ್ದು ನಕ್ಕರು. ಒಬ್ಬರಿಗಂತೂ ಬೆಲ್ಲ ನೀರು ಮೂಗಿಗೆ ಹತ್ತಿತು.

ನಾನೂ ನಕ್ಕೆ, ಆದರೆ ಅಜ್ಜನ ಕಂಬ ನೆನಪಾಯಿತು. ಈ ಹೆಂಗಸು ಬಾಯಿಮಾತಿಗೆ ಹೊಗಳುವವರಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಕೂತು ಹೇಳಿದರು: ಕೆಲಸದ ಎದುರು ಭಾಗ ಯಜಮಾನನಿಗೆ ಬೇಕಾದ ಹಾಗಿರುತ್ತದೆ. ಮಾಡಿದವನು ಯಾರೆಂದು ತಿಳಿಯಬೇಕಾದರೆ ಹಿಂಬದಿ ನೋಡಬೇಕು. ನಾನೆಲ್ಲಿ ಹೋದರೂ ಮೊದಲು ಹಿಂದೆ ಹೋಗಿ ಇಣುಕುವವಳು.

“ಎಂತ ಹೇಳಿದ್ಲು?” ಅಮ್ಮ ತಿರುಗಿ ಕೇಳಿದಳು.

“ಎಂತ ಇಲ್ಲಮ್ಮ. ಹವೆ ಸೆಕೆ ಉಂಟು ಅಂತ.”

ಸಿದ್ಧಕಟ್ಟೆ ದಾರಿಯಲ್ಲಿ ಮೂಡುಬಿದಿರೆಗೆ ಹೋಗುವಾಗ ಬಸ್ಸಿನೊಳಗೆ ಗಮ್ಮತ್ತೋ ಗಮ್ಮತ್ತು. ಅವರ ಭಾಷೆಯಿಂದ ನಮಗೆ ಬಂದ ಮಾತುಗಳನ್ನು ನಾನು ಒಂದೊಂದಾಗಿ ಹೇಳತೊಡಗಿದೆ. ಮೇಜು, ಚಾವಿ, ಜನೇಲು, ಬಟಾಟೆ, ತುವಾಲು. ಒಂದೊಂದಕ್ಕೂ ಹಿಂದಿನ ಸೀಟಿನಿಂದ ಬೊಬ್ಬೆ. ಡ್ರೈವರನೂ ಬಿಡಲಿಲ್ಲ, ಸ್ಟೇರಿಂಗ್ ಮೇಲಿಂದ ಒಂದು ಕೈ ತೆಗೆದು, “ಪಗಾರ! ಪಗಾರ ಹೇಳಿ ಮೇಡಂ!” ಎಂದ. ಅಮ್ಮನಿಗೆ ಮಾತ್ರ ಸಮಾಧಾನವಿಲ್ಲ. “ಇಷ್ಟೆಲ್ಲ ಇವರದ್ದಾದ್ರೆ ನಾವು ಮೊದಲು ಬಾಗಿಲಿಗೆ ಬೀಗ ಹಾಕ್ತಾ ಇರ್ಲಿಲ್ವಾ?” ಎಂದು ಕೇಳಿದಳು. ಇದನ್ನೂ ಅನುವಾದಿಸಬೇಕಾಯಿತು.

ಮೂಡುಬಿದಿರೆಯಲ್ಲಿ ಸಾವಿರ ಕಂಬದ ಬಸದಿ ತೋರಿಸಿದೆ, ಹಳೇ ಅರಮನೆಯ ಮರದ ಕಂಬ ತೋರಿಸಿದೆ. ಒಂಬತ್ತು ಹೆಂಗಸರು ಹೆಣೆದುಕೊಂಡು ಆನೆಯಾದ ಕೆತ್ತನೆಯ ಎದುರು ಅವರೆಲ್ಲ ಬಾಯಿ ತೆರೆದು ನಿಂತರು. ಹಿರಿಯಾಕೆ ಟಾರ್ಚು ಹಿಡಿದು ಕಂಬದ ಹಿಂದೆ ಹೋದರು. ನಾನು ಅರಮನೆಯ ಕತೆ ಶುರುಮಾಡುವ ಮೊದಲೇ ಅಮ್ಮ ಮುಂದೆ ಬಂದಳು.

“ಹೇಳು ಇವರಿಗೆ. ಇದೇ ಅರಮನೆಯ ವಂಶದ ರಾಣಿ ಇವರ ಅಜ್ಜಂದಿರನ್ನು ಸಮುದ್ರಕ್ಕೆ ಓಡಿಸಿದ್ದು ಅಂತ.”

“ಅಮ್ಮಾ!”

“ನಿಜ ಅಲ್ವಾ? ಹೇಳು!”

ಹೇಳಿದೆ. ಅವರಲ್ಲಿ ಉದ್ದ ಮೀಸೆಯ ಒಬ್ಬ ಮುದುಕರು ಟೋಪಿ ತೆಗೆದು, ಸೊಂಟ ಬಗ್ಗಿಸಿ, ತಮ್ಮ ಅಜ್ಜಂದಿರ ಪರವಾಗಿ ಅಮ್ಮನ ಕ್ಷಮೆ ಕೇಳಿದರು. ಅಮ್ಮ ಅವರನ್ನು ಕಾಲಿನಿಂದ ತಲೆವರೆಗೆ ನೋಡಿದಳು. “ಇರ್ಲಿ ಬಿಡು. ಬಿಸಿಲಿಗೆ ಬಂದಿದ್ದಾರೆ, ಬೊಂಡ ಕುಡೀಲಿ.” ಹೀಗೆ ನಾನೂರು ಚಿಲ್ಲರೆ ವರ್ಷದ ಜಗಳ ಮೂಡುಬಿದಿರೆಯ ಎಳನೀರಿನ ಗಾಡಿಯ ಹತ್ತಿರ ಮುಗಿಯಿತು. ನಾನು ನಕ್ಕೂ ನಕ್ಕೂ ಪಕ್ಕೆ ಹಿಡಿದುಕೊಂಡು ಕಲ್ಲಿನ ಮೇಲೆ ಕೂತೆ.

ವೇಣೂರು ದಾಟಿದ ಮೇಲೆ ಅಮ್ಮನಿಗೆ ಒಂದೇ ಕೆಲಸ: ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಇಗರ್ಜಿಯ ಅಂಗಳದಲ್ಲಿ ಬಸ್ಸು ನಿಂತಾಗ ಇಳಿಯಲು ನನ್ನ ಕೈ ಹಿಡಿದಳು.

ಬಿಳೀ ಸುಣ್ಣದ ಮುಖ, ಕಮಾನಿನ ಬಾಗಿಲು, ಒಳಗೆ ತಂಪು. ಆಲ್ತಾರಿನ ಬಂಗಾರದ ಬಣ್ಣ ಅರ್ಧ ಹೋಗಿದ್ದರೂ ಮಿನುಗುತ್ತಿತ್ತು. ಈ ಸಲ ನಾನು “ಬನ್ನಿ ಬನ್ನಿ” ಎನ್ನಲಿಲ್ಲ. ಕಂಬದ ಎದುರು ನಿಂತೆ. ಹಿರಿಯಾಕೆ ಹತ್ತಿರ ಬಂದರು. ಟಾರ್ಚಿನ ಬೆಳಕು ಬುಡದಿಂದ ಬಳ್ಳಿಯ ಜೊತೆ ಸುತ್ತುತ್ತ ಮೇಲೆ ಹೋಯಿತು, ಕೆಳಗೆ ಬಂತು. ಆಮೇಲೆ ಅವರು ಜೋರಾಗಿ ನಕ್ಕುಬಿಟ್ಟರು. “ಪಿಮೆಂತಾ!” ಎಂದು ತಮ್ಮವರನ್ನೆಲ್ಲ ಕರೆದರು. ಮೆಣಸು, ಮೆಣಸು! ಎಲ್ಲರೂ ನುಗ್ಗಿ ಬಂದು ಫೋಟೋ ಹೊಡೆದದ್ದೇ ಹೊಡೆದದ್ದು.

ಅಮ್ಮ ನನ್ನ ತೋಳು ಚಿವುಟಿದಳು. “ನಗ್ತಾ ಇದ್ದಾಳೆ. ಕೇಳು. ತಪ್ಪಾ, ಸರಿಯಾ?”

ಕೆತ್ತಿದವರು ಇವರ ಅಪ್ಪ ಎಂದು ಹೇಳಿ, ಕೇಳಿದೆ. ಹಿರಿಯಾಕೆ ನಗು ನಿಲ್ಲಿಸಿ ಅಮ್ಮನ ಕಡೆ ತಿರುಗಿದರು. ನಮ್ಮ ದೇಶದಲ್ಲಿ ಇಂಥ ಕಂಬ ಎಷ್ಟೋ ಉಂಟು, ಎಲ್ಲದರಲ್ಲೂ ದ್ರಾಕ್ಷಿ. ನಮ್ಮವರು ಜೀವದಾಸೆ ಬಿಟ್ಟು ಹಡಗು ಹತ್ತಿ ಬಂದದ್ದು ಈ ಮೆಣಸಿಗಾಗಿ. ಅದನ್ನು ಆಲ್ತಾರಿನ ಮೇಲೆ ಮುಚ್ಚುಮರೆಯಿಲ್ಲದೆ ಕೂರಿಸಿದವರನ್ನು ನಾನು ನೋಡಿದ್ದು ಇದೇ ಮೊದಲು. ಈ ಎಲೆಯ ನರ ನೋಡಿ, ಬಳ್ಳಿಯ ಗಂಟು ನೋಡಿ, ಎಂಥ ಕಣ್ಣು! ಎಂದರು.

“ಅದೆಲ್ಲ ಇರ್ಲಿ,” ಅಂದಳು ಅಮ್ಮ. “ತಪ್ಪಾ, ಸರಿಯಾ?”

ಹಿರಿಯಾಕೆ ಟಾರ್ಚು ಆರಿಸಿ ಹೇಳಿದರು. ತಪ್ಪು. ಬಹಳ ಚಂದದ ತಪ್ಪು.

ಸುಳ್ಳು ಹೇಳಬಹುದಿತ್ತು ನಾನು. ಬೆಳಿಗ್ಗೆ ಸೆಕೆಯ ಸುಳ್ಳು ಹೇಳಿದವಳಿಗೆ ಇದೊಂದು ದೊಡ್ಡದೇ? ಆದರೆ ಅಮ್ಮ ನನ್ನ ತುಟಿಯನ್ನೇ ನೋಡುತ್ತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ತಲೆಯಾಡಿಸಿ, ಹತ್ತಿರದ ಬೆಂಚಿನ ತುದಿಯಲ್ಲಿ ಕೂತಳು. ರೇಷ್ಮೆ ಸೀರೆಯೊಳಗೆ ಅಮ್ಮ ಒಮ್ಮೆಲೇ ಸಣ್ಣವಳಾದ ಹಾಗೆ ಕಂಡಳು. ನನಗೆ ಆ ಹೆಂಗಸಿನ ಮೇಲೆ ಕೆಂಡದಂಥ ಸಿಟ್ಟು ಬಂತು.

ಅಷ್ಟರಲ್ಲಿ ಆಕೆ ಕಾಣುತ್ತಿಲ್ಲ. ಎಲ್ಲಿ ಹೋಗಿರುತ್ತಾರೆ? ಅಭ್ಯಾಸ ಬಿಟ್ಟೀತೆ! ಈಗಿನ ಪಾದ್ರಿಗಳ ಅಪ್ಪಣೆ ಪಡೆದು ಆಲ್ತಾರಿನ ಹಿಂದಿನ ಇಕ್ಕಟ್ಟಿಗೆ ತೂರಿಕೊಂಡಿದ್ದರು. ಒಳಗಿಂದ ಕೆಮ್ಮು, ಧೂಳು, ಟಾರ್ಚಿನ ಬೆಳಕು. ಆಮೇಲೆ ನನ್ನನ್ನು ಕರೆಯುವ ದನಿ, ಬೇಗ ಬಾ, ಅಮ್ಮನನ್ನೂ ಕರೆದುಕೊಂಡು ಬಾ ಎಂದು.

ಮೀಸೆಯವರು ಒಂದು ಕಡೆ, ನಾನು ಒಂದು ಕಡೆ ಹಿಡಿದು ಅಮ್ಮನನ್ನು ಅಡ್ಡಡ್ಡ ಒಳಗೆ ಸೇರಿಸಿದೆವು. ಜೇಡರ ಬಲೆಯೆಲ್ಲ ಅವಳು ಮುಡಿದ ಮಲ್ಲಿಗೆಗೆ ಅಂಟಿತು. ಗೋಡೆಗೆ ಮುಖ ಮಾಡಿದ ಕಂಬದ ಬೆನ್ನಿನಲ್ಲಿ, ಮಕ್ಕಳ ಎತ್ತರದಲ್ಲಿ, ಅಂಗೈಯಗಲದ ಒಂದು ಕೆತ್ತನೆ ಇತ್ತು. ಬಣ್ಣ ಕಾಣದ ಬರೀ ಮರ. ಸೀಳೆಲೆ ಒಂದು, ಅದರ ಕೆಳಗೆ ದ್ರಾಕ್ಷಿ ಗೊಂಚಲು. ಅಪ್ಪಟ ದ್ರಾಕ್ಷಿ, ಒಂದೊಂದು ಹಣ್ಣೂ ನೀರು ತುಂಬಿಕೊಂಡ ಹಾಗೆ. ಆದರೆ ಗೊಂಚಲು ಪೂರ್ತಿ ಇರಲಿಲ್ಲ. ಒಂದು ಬದಿಯಲ್ಲಿ ಬರೀ ತೊಟ್ಟುಗಳು. ತುದಿಯಲ್ಲಿ ಅರ್ಧ ಕಚ್ಚಿ ಬಿಟ್ಟ ಒಂದು ಹಣ್ಣು, ಅದರ ಮೇಲೆ ಎರಡು ಪುಟ್ಟ ಹಲ್ಲಿನ ಗುರುತು, ನಡುವೆ ಸಂದು.

“ಅಜ್ಜನಿಗೆ ದ್ರಾಕ್ಷಿ ಗೊತ್ತಿತ್ತಮ್ಮ!” ನಾನು ಕಿರುಚಿದೆ. “ನೋಡು, ಗೊತ್ತಿತ್ತು!”

ಅಮ್ಮ ಬೆರಳಿನಿಂದ ಆ ಬೋಳು ತೊಟ್ಟುಗಳನ್ನು ಒಂದೊಂದಾಗಿ ಮುಟ್ಟಿದಳು. ಕಚ್ಚಿದ ಹಣ್ಣಿನ ಹತ್ತಿರ ಬೆರಳು ನಿಂತಿತು.

“ಇದು ಹುಳಿ ಇತ್ತು,” ಅಂದಳು.

“ಯಾವುದು?”

“ಕಂಬ ನೋಡಿ ನಕ್ಕ ಮೇಲೆ ಫಾದರ್ ಮಂಗಳೂರಿನಿಂದ ಒಂದು ಗೊಂಚಲು ತರಿಸಿ ಕೊಟ್ಟಿದ್ರು. ಹಬ್ಬಕ್ಕೆ ಒಂದು ಕಂಬ ಆದ್ರೂ ಸರಿ ಮಾಡುವ, ಇದನ್ನು ನೋಡಿ ಕೆತ್ತು ಅಂತ. ನಾನು ಬುತ್ತಿ ತಗೊಂಡು ಬಂದಿದ್ದೆ. ಅಪ್ಪ ಉಳಿ ಮಸೆಯಲಿಕ್ಕೆ ಹೋಗಿದ್ರು. ಅದು ತಿನ್ನಬಾರದ್ದು ಅಂತ ನನಗೆ ಗೊತ್ತಿತ್ತು. ಆದ್ರೂ ತಿಂದೆ. ಕೊನೇದು ಹುಳಿ, ಅಲ್ಲೇ ಬಿಟ್ಟೆ. ಅಪ್ಪ ಬಂದು ಯಾರು ತಿಂದದ್ದು ಅಂತ ಕೇಳಿದ್ರು. ಕಾಗೆ ಅಂದೆ. ಫಾದರಿಗೆ ಅವರೂ ಹಾಗೇ ಹೇಳಿದ್ರು, ಕಾಗೆ ತಿಂದಿತು, ನೋಡಿ ಕೆತ್ತಲಿಕ್ಕೆ ಆಗ್ಲಿಲ್ಲ ಅಂತ. ಅಪ್ಪ ನಂಬಿದ್ರು ಅಂತಲೇ ನಾನು ಇಷ್ಟು ವರ್ಷ...”

ಹಿರಿಯಾಕೆ ಏನೆಂದು ಕಣ್ಣಿನಲ್ಲೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಆಕೆ ಮರದ ಹಣ್ಣಿನ ಮೇಲಿನ ಹಲ್ಲಿನ ಗುರುತನ್ನು ನೋಡಿದರು, ಅಮ್ಮನ ಮುಂದಿನ ಎರಡು ಹಲ್ಲಿನ ನಡುವಿನ ಸಂದು ನೋಡಿದರು, ಅನುವಾದ ಬೇಕಾಗಲಿಲ್ಲ. ಟಾರ್ಚನ್ನು ಕುತ್ತಿಗೆಯಿಂದ ತೆಗೆದು ಅಮ್ಮನ ಕೈಗೆ ಕೊಟ್ಟು, ಮೆಲ್ಲಗೆ ಹೊರಗೆ ಸರಿದರು.

ಅಮ್ಮ ಬೆಳಕನ್ನು ಗೊಂಚಲಿಗೆ ಹಿಡಿದಳು. ಮೊದಲು ಅತ್ತಳು. ಆಮೇಲೆ ಇದ್ದಕ್ಕಿದ್ದಂತೆ ನಗು ಬಂತು, ಮೈ ಕುಲುಕಿಸುವ ನಗು. ಆ ಇಕ್ಕಟ್ಟಿನಲ್ಲಿ ನನಗೂ ಅಂಟಿತು, ಇಬ್ಬರೂ ಧೂಳಿನಲ್ಲಿ ಕೆಮ್ಮುತ್ತ ನಕ್ಕೆವು. ನಗು ನಿಂತ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಕಂಬಕ್ಕೆ ಇನ್ನಷ್ಟು ಹತ್ತಿರ ಬಾಗಿದಳು.

“ಅಪ್ಪಾ,” ಅಂದಳು. “ಕಾಗೆ ಅಲ್ಲ. ನಾನೇ.”